ಎರಿ (ಕರೇ ಮಣ್ಣಿನ) ಹೊಲದಾಗ ಮಣ್ಣು-ನೀರು ಉಳಿಸೋದನ್ನ ಮಂದಿಗೆ ಹೆಂಗ ತೋರಸ್ಬೇಕ್ರಿ?

ಅಣ್ಣಿಗೇರಿ_ಹುಡುಗ:
ನಮಸ್ಕಾರ್ರಿ ಎಲ್ಲಾರಿಗೂ. ಮುಂಗಾರಿ ಹಿಡಿಯೂದ್ರಾಗ ಊರಾಗ ಒಂದಿನ ಪ್ರಾತ್ಯಕ್ಷಿಕೆ ಮಾಡೋಣಂತ ನಮ್ಮ ಯುವಕ ಸಂಘದೋರು ಮಾಡೇವಿ, ರೈತರೂ ಬರ್ತಾರ, ಹುಬ್ಬಳ್ಳ್ಯಾಗ ಮನಿ ಕಟ್ಟಿಸ್ದ ಒಂದಿಷ್ಟ್ ಮಂದೀನೂ ಬರ್ತಾರ. ಬರೇ ಭಾಷಣ ಇಟ್ರ ಚಾ ಕುಡದು ಎದ್ದ ಹೊಕ್ಕಾರ. ಒಡ್ಡು ಹಾಕಿ ತೋರಸೋಣು ಅಂದ್ರ ನಮ್ಮ ಕಾಕಾ "ವರ್ಷಾ ಒಡಿಯೋ ಒಡ್ಡು ಏನ್ ತೋರಸ್ತಿ" ಅಂತಾನ. ಏನ್ ಮಾಡೋದು?

ಬಿಳಿಜ್ವಾಳ:
ನಿಮ್ಮ ಕಾಕಾ ಹೇಳೋದು ಖರೇನ ಐತಿ. ಬ್ಯಾಸಿಗ್ಯಾಗ ಎರಿ ಬಿರಕ ಬಿಟ್ಟಂಗ ಒಡ್ಡೂ ಬಿರಕ ಬಿಡ್ತೈತಿ, ದೊಡ್ಡ ಮಳಿ ಬಂದಾಗ ನೀರು ಆ ಬಿರಕಿನ್ಯಾಗ ಹೊಕ್ಕು ಕೊರದು ಒಡ್ಡು ಕಿತ್ತ ಹೊಕ್ಕೈತಿ. ಮಸಾರಿಗೆ, ಅಂದ್ರ ಕೆಂಪ ಮಣ್ಣಿಗೆ, ಹಾಕೋ ಸಮಪಾತಳಿ ಒಡ್ಡು ಎರಿಗೆ ಹೊಂದೂದಿಲ್ಲ, ಇಲ್ಲಿ 100 ಮೀಟರಿಗೆ 20ರಿಂದ 40 ಸೆಂಟಿಮೀಟರ್ ಇಳಿಜಾರು ಕೊಟ್ಟು ಕಡೀಕ ಕಲ್ಲಿನ ಕೋಡಿ ಮಾಡಿ ನೀರಿಗೆ ದಾರಿ ಬಿಡಬೇಕು.
ನನ್ನ ಕೇಳಿದ್ರ ಚೌಕು ಮಡಿ ತೋರಸ್ರಿ. ಹಿಂಗಾರಿಗೆ ಬಿಟ್ಟ ಹೊಲದಾಗ 10 ಅಡಿಗೊಂದರಂಗ ಗೇಣೆತ್ತರ ಬದು ಎರಡೂ ದಿಕ್ಕಿಗೆ ಎಳೀರಿ, ಬಾಜೂಕಿನ ಅರ್ಧಾ ಎಕರೆ ಬರೇ ಹರಗಿ ಬಿಡ್ರಿ. ಜ್ವಾಳಾ ಬಿತ್ತೋ ಮುಂದ ಮತ್ತ ಮಂದೀನ್ನ ಕರದು ಕಬ್ಬಿಣದ ಸಳಿ ಅವರ ಕೈಯಾಗ ಕೊಟ್ಟು ಎರಡೂ ಕಡೆ ಚುಚ್ಚಸ್ರಿ. ಹಸಿ ಇದ್ದಷ್ಟ್ ದೂರ ಸಳಿ ಸರಳ ಇಳೀತೈತಿ, ಒಣಾ ಮಣ್ಣು ಬಂದ ಕೂಡ್ಲೆ ನಿಂದರ್ತೈತಿ.

ನವಲಗುಂದ_ರೈತ:
ಅಲ್ರಿ ಬಿಳಿಜ್ವಾಳ ಅವರ, ಮಡಿ ಮಾಡಿದ್ರ ಹೆಸರು ಬಿತ್ತೂದು ಬಿಡಬೇಕಲ್ಲ? ನಮ್ಮ ಕಡೆ ಹೆಸರು ತಗದ ಮ್ಯಾಲೆ ಕಡ್ಲಿ, ಮುಂಗಾರಿ ಪೀಕ್ ಬಿಡು ಅಂದ್ರ ಯಾರ್ ಕೇಳ್ತಾರ.

ಬಿಳಿಜ್ವಾಳ:
ಹೆಸರು ಬಿತ್ತೋರಿಗೆ ಮಡಿ ಬ್ಯಾಡ್ರಿ. ಇಳಿಜಾರಿಗೆ ಅಡ್ಡ ಬಿತ್ತಿ, ಎಡಿ ಹೊಡಿಯೋ ಮುಂದ ನಾಕೈದು ಸಾಲಿಗೊಂದು ಹರಿ, ಅಂದ್ರ ನೀರು ನಿಂದ್ರೋ ಆಳನ ಸಾಲು, ಬಿಟ್ರ ಆತು. ಉದ್ದುದ್ದಕ ಬಿತ್ತಿದ್ರ ಕೂರಿಗಿ ಸಾಲ ಕಾಲುವಿ ಆಗಿ ಮ್ಯಾಲಿನ ಮಣ್ಣೆಲ್ಲಾ ಹಳ್ಳಕ್ಕ ಹೊಕ್ಕೈತಿ.

ಟೀಚರಕ್ಕ_ಗದಗ:
ಅವತ್ತಿನ ದಿನಾನ ಕಣ್ಣಿಗೆ ಕಾಣಬೇಕಂದ್ರ ಮೂರು ದೊಡ್ಡ ಪ್ಲಾಸ್ಟಿಕ್ ಬಾಟ್ಲಿ ಉದ್ದುದ್ದಕ ಕೊರದು ನಿಮ್ಮ ಹೊಲದ್ದ ಮಣ್ಣು ತುಂಬಿ ಬಾಯಿ ಕಡೆ ಇಳಿಜಾರಾಗಿ ಇಡ್ರಿ. ಒಂದು ಬರೇ ಮಣ್ಣು, ಒಂದಕ್ಕ ಕಣಕಿ ಚೂರು ಹಾಸ್ರಿ, ಇನ್ನೊಂದ್ರಾಗ 15 ದಿನ ಮೊದ್ಲ ಗೋದಿ ಚೆಲ್ಲಿ ಬೆಳಸ್ರಿ. ಮೂರಕ್ಕೂ ಒಂದೊಂದು ತಂಬಿಗಿ ನೀರು ಸಾವಕಾಶ ಹಾಕಿ ಕೆಳಗ ಗ್ಲಾಸ್ ಹಿಡೀರಿ. ಮೊದಲನೇ ಗ್ಲಾಸಿಗೆ ಕರೇ ರಾಡಿ ಬರ್ತೈತಿ. ಹುಡುಗೂರ ಕಡಿಂದ ಮಾಡಸ್ರಿ, ಅವರ ಅವ್ವ ಅಪ್ಪ ನೋಡಾಕ ಬಂದ ಬರ್ತಾರ.

ವಿದ್ಯಾನಗರ_ಮನಿ:
ಮನಿ ಇದ್ದೋರಿಗೆ ಲೆಕ್ಕಾ ತೋರಸ್ರಿ ಸಾಕು. 1000 ಸ್ಕ್ವೇರ್ ಫೂಟ್ ಮಾಳಗಿ ಮ್ಯಾಲೆ 10 ಮಿಲಿಮೀಟರ್ ಮಳಿ ಬಿದ್ರ 900 ಲೀಟರ್ ಮ್ಯಾಲೆ ನೀರು, ಹಾಳಾಗೋದು ತಗದ್ರೂ 700 ಸಿಗ್ತೈತಿ, ನಳಾ ಯಾವಾಗ ಬರ್ತಾವಂತ ಕಾಯೋರಿಗೆ ಇದು ಸಣ್ಣದಲ್ಲ. ಮೊದಲ ಮಳಿ ನೀರು ಮಾತ್ರ ಹೊರಗ ಬಿಡ್ರಿ, ಧೂಳು ಹಕ್ಕಿ ಹೇಲು ಎಲ್ಲಾ ಇರ್ತೈತಿ. ಇನ್ನೊಂದು, ಎರಿ ನೆಲದಾಗ ಪಾಯದ ಬಾಜೂಕ ಇಂಗುಗುಂಡಿ ತಗೀಬ್ಯಾಡ್ರಿ, ಹಸಿ ಆದಾಗ ಮಣ್ಣು ಉಬ್ಬಿ, ಒಣಗಿದಾಗ ಕುಗ್ಗಿ ಗ್ವಾಡಿ ಸೀಳ್ತಾವ. ಟಾಕಿಗೇ ತುಂಬ್ಕೋಬೇಕು. ಧಾರವಾಡದ ಮಸಾರಿ ಕಡೆಯೋರಿಗೆ ಗುಂಡಿ ನಡೀತೈತಿ, ಅದೂ ಮನಿಯಿಂದ ದೂರ.

ಅಣ್ಣಿಗೇರಿ_ಹುಡುಗ:
ಭಾಳ ಛಲೋ ಆತ್ರಿ. ಬಾಟ್ಲಿ ಕೆಲಸಾ ಸಾಲಿ ಹುಡುಗೂರಿಗೆ, ಮಡಿ ಕಾಕಾನ ಹೊಲದಾಗ. ಅಂವ ಒಪ್ಪಿದ್ರ.