ಮಳೆ ಹಿಡಿಯುವ ಮೊದಲು ನಾಯಿಮರಿಗೆ, ಬೆಕ್ಕಿಗೆ ಎಂತೆಲ್ಲ ಮಾಡಿಸಬೇಕು? ಅನುಭವ ಇದ್ದವರು ಹೇಳಿ

ಪ್ರಶ್ನೆ, ಬದಿಯಡ್ಕ ಹತ್ತಿರದಿಂದ:
ಅಡಿಕೆ ತೋಟದ ನಡುವೆ ನಮ್ಮ ಮನೆ. ಎರಡು ತಿಂಗಳ ನಾಯಿಮರಿ ತಂದಿದ್ದೇವೆ, ಒಂದು ಗಂಡುಬೆಕ್ಕು ಮೊದಲೇ ಉಂಟು. ಮನೆಯಲ್ಲಿ ಮೀನು, ಮಾಂಸ ಇಲ್ಲ, ಎರಡಕ್ಕೂ ಹಾಲು-ಅನ್ನವೇ. ಹಿಂದಿನ ನಾಯಿ ಆಟಿ ತಿಂಗಳ ಮಳೆಯಲ್ಲಿ ಕಣ್ಣು, ಒಸಡು ಹಳದಿಯಾಗಿ ಸತ್ತಿತು. ಕಾರಣ ಗೊತ್ತಾಗಲೇ ಇಲ್ಲ. ಈ ಮರಿಗೆ ಹಾಗಾಗಬಾರದು.

ನಿವೃತ್ತ ಮೃಗವೈದ್ಯರೊಬ್ಬರು, ಕಾಸರಗೋಡು:
ಹಳದಿಯಾಗಿತ್ತು ಅಂದರೆ ನಾನು ಮೊದಲು ಎರಡು ಕಾಯಿಲೆ ಸಂಶಯಪಡುತ್ತೇನೆ. ಒಂದು ಇಲಿಜ್ವರ. ಇಲಿಯ ಮೂತ್ರ ಸೇರಿದ ಕಣಿಯ ನೀರು ಕುಡಿದರೂ ಸಾಕು, ಗಾಯದ ಕಾಲಲ್ಲಿ ಅದೇ ಕೆಸರು ತುಳಿದರೂ ಸಾಕು, ಲಿವರು, ಕಿಡ್ನಿ ಎರಡೂ ಕೆಡುತ್ತವೆ. ಮನುಷ್ಯರಿಗೂ ಹರಡುವ ರೋಗ ಇದು, ಅಂಥ ನಾಯಿಯ ಮೂತ್ರವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಇನ್ನೊಂದು ಉಣ್ಣಿಯಿಂದ ಬರುವ ಬೆಬೀಸಿಯಾ. ರಕ್ತದ ಕೆಂಪು ಕಣಗಳೇ ಒಡೆದು ಮೂತ್ರ ಕಡು ಚಹಾದ ಬಣ್ಣಕ್ಕೆ ಬರುತ್ತದೆ. ಎರಡಕ್ಕೂ ಮದ್ದು ಉಂಟು, ಬೇಗ ಬಂದರೆ ಉಳಿಸಬಹುದು.

ಹಾಗಾಗಿ ಒಂದು ಅಭ್ಯಾಸ ಮಾಡಿಕೊಳ್ಳಿ. ಮರಿ ಆರೋಗ್ಯವಾಗಿರುವಾಗಲೇ ಮೇಲ್ದುಟಿ ಎತ್ತಿ ಒಸಡು ನೋಡಿ, ನಸುಗೆಂಪು ಇರಬೇಕು. ಹೆಬ್ಬೆರಳಲ್ಲಿ ಒತ್ತಿದರೆ ಬಿಳಿಯಾಗುತ್ತದೆ, ಬಿಟ್ಟ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. (ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು, ಅಂಥವಕ್ಕೆ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ.) ಬಿಳಿಚಿದರೆ, ಹಳದಿಯಾದರೆ ಅದೇ ದಿನ ಆಸ್ಪತ್ರೆಗೆ. ಉಣ್ಣಿ ಹುಡುಕುವಾಗ ಬೆನ್ನು ಮಾತ್ರ ಸವರಿ ಬಿಡಬೇಡಿ. ಕಾಲ್ಬೆರಳ ಸಂದು, ಕಿವಿಯ ಒಳಗೆ, ಬಾಲದ ಬುಡ, ಅವು ಅಡಗುವುದು ಅಲ್ಲಿಯೇ.

ಲಸಿಕೆ: 6ರಿಂದ 8 ವಾರಕ್ಕೆ ಮೊದಲ ಸೂಜಿ, ಮತ್ತೆ 3–4 ವಾರಕ್ಕೊಮ್ಮೆ, ಮರಿಗೆ 16 ವಾರ ತುಂಬುವವರೆಗೆ. ತಾಯಿಹಾಲಿನಿಂದ ಬಂದ ರಕ್ಷಣೆ ಮೈಯಲ್ಲಿರುವಷ್ಟು ದಿನ ಲಸಿಕೆ ಹಿಡಿಯುವುದಿಲ್ಲ, ಆ ರಕ್ಷಣೆ ಯಾವಾಗ ಮುಗಿಯುತ್ತದೆಂದು ಹೊರಗಿಂದ ಹೇಳಲು ಬರುವುದಿಲ್ಲ. ಒಂದು ಸೂಜಿ ಆಯ್ತಲ್ಲ ಎಂದು ನಿಲ್ಲಿಸಿದವರ ಮರಿಗಳೇ ಪಾರ್ವೋ ಬಂದು ವಾಂತಿ, ರಕ್ತಭೇದಿಯಲ್ಲಿ ಸಾಯುವುದನ್ನು ನೋಡಿ ನೋಡಿ ನನಗೆ ಬೇಸರ ಬಂದಿದೆ. ಹಾಕಿಸುವಾಗ ಇಲಿಜ್ವರದ್ದು ಸೇರಿದೆಯಾ ಎಂದು ಬಾಯಿಬಿಟ್ಟು ಕೇಳಿ, ಎಲ್ಲ ಸೂಜಿಯಲ್ಲಿ ಇರುವುದಿಲ್ಲ. ಅದರ ರಕ್ಷಣೆ ಹೆಚ್ಚು ಕಾಲ ನಿಲ್ಲುವುದಿಲ್ಲ, ವರ್ಷವರ್ಷ ಮಾಡಿಸಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಬೆಕ್ಕಿಗೂ ಸಹ. ಹುಳದ ಮದ್ದು ತೂಕ ನೋಡಿಯೇ ಕೊಡಬೇಕು.

ಪೆರ್ಲದಿಂದ ಒಬ್ಬ ಕೃಷಿಕರು:
ತೋಟದ ಮನೆ ಎಂದದ್ದಕ್ಕೆ ಹೇಳುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಬಿಡುವ ದಿನ ಮರಿಯನ್ನು ಕಟ್ಟಿಹಾಕಿ. ಮೈಲುತುತ್ತು ಕರಗಿಸಿದ ಡ್ರಮ್ಮಿನ ತಳದಲ್ಲಿ ಉಳಿದದ್ದನ್ನು ನಾಯಿ ನೆಕ್ಕುತ್ತದೆ, ಮೈಮೇಲೆ ಬಿದ್ದದ್ದನ್ನೂ ನೆಕ್ಕುತ್ತದೆ. ಕೆಲಸ ಮುಗಿದ ಕೂಡಲೇ ಡ್ರಮ್ಮು ತೊಳೆದು ಬೋರಲು ಹಾಕಬೇಕು. ಇಲಿಪಾಷಾಣದ ಕಥೆಯೂ ಅಷ್ಟೇ, ವಿಷ ತಿಂದ ಇಲಿಯನ್ನು ಬೆಕ್ಕು ತಿಂದರೆ ಬೆಕ್ಕಿಗೂ ಅಪಾಯ. ನಾವು ಈಗ ಇಲಿಬೋನು ಮಾತ್ರ ಇಡುವುದು. ಡಾಕ್ಟ್ರೇ, ನಮ್ಮ ಅಜ್ಜ ಹುಳಕ್ಕೆ ಅಡಿಕೆ ಕೆರೆಸಿ ಕೊಡುತ್ತಿದ್ದರು, ಅದು ಸರಿಯಾ?

ಮೃಗವೈದ್ಯರು:
ಅಜ್ಜ ಹೇಳಿದ್ದರಲ್ಲಿ ಹುರುಳಿತ್ತು. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನು ಹಿಂದೆ ವೈದ್ಯರೇ ನಾಯಿಯ ಲಾಡಿಹುಳಕ್ಕೆ ಕೊಡುತ್ತಿದ್ದರು. ಆದರೆ ಸ್ವಲ್ಪ ಹೆಚ್ಚಾದರೂ ಜೊಲ್ಲು, ವಾಂತಿ, ಭೇದಿ, ನಡುಕ. ಒಂದು ಅಡಿಕೆಯಲ್ಲಿ ಎಷ್ಟಿದೆ ಎಂದು ಅಳೆಯಲಿಕ್ಕಾಗುವುದಿಲ್ಲ. ಈಗ ಸುರಕ್ಷಿತ ಮಾತ್ರೆ ಇರುವಾಗ ಅದು ಬೇಡವೇ ಬೇಡ.

ಕುಂಬಳೆಯಿಂದ, ಬೆಕ್ಕು ಸಾಕುವವರು:
ಅಕ್ಕ, ಹಾಲು-ಅನ್ನದಲ್ಲಿ ನಾಯಿ ಹೇಗೋ ಬದುಕೀತು, ಬೆಕ್ಕಿಗೆ ಅದು ಸಾಲದು. ಮಾಂಸ, ಮೀನಿನಲ್ಲಿರುವ ಟಾರಿನ್ ಸಿಗದಿದ್ದರೆ ಅದರ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ನಿಮ್ಮ ಅಡಿಗೆಮನೆಗೆ ಮೀನು ತರುವುದು ಬೇಡ, ಬೆಕ್ಕಿನದೇ ಆಹಾರದ ಪ್ಯಾಕೆಟು ತನ್ನಿ. ನಾಯಿಯದ್ದು ಬೆಕ್ಕಿಗೆ ಆಗುವುದಿಲ್ಲ. ಮೀನು ಹಾಕುವವರು ಬೇಯಿಸಿ ಹಾಕಿ, ಕೆಲವು ಜಾತಿಯ ಹಸಿ ಮೀನು ಬಿ1 ವಿಟಮಿನ್ನನ್ನು ನಾಶಮಾಡುತ್ತದೆ.

ಗಂಡುಬೆಕ್ಕು ಅಂದಿರಲ್ಲ, ಇದನ್ನು ಮರೆಯಬೇಡಿ. ಮತ್ತೆ ಮತ್ತೆ ಕೂತು ತಿಣುಕುತ್ತದೆ, ಕೂಗುತ್ತದೆ, ಒಂದು ಹನಿಯೂ ಬರುವುದಿಲ್ಲ ಎಂದಾದರೆ ಅದು ಮಲಬದ್ಧತೆ ಎಂದುಕೊಳ್ಳಬೇಡಿ. ನೆರೆಮನೆಯಲ್ಲಿ ಹಾಗೆಂದುಕೊಂಡು ಹರಳೆಣ್ಣೆ ಕುಡಿಸಿದರು. ಮೂತ್ರ ಕಟ್ಟಿತ್ತು, ಬೆಕ್ಕು ಉಳಿಯಲಿಲ್ಲ. ರಾತ್ರಿಯಾದರೂ ವೈದ್ಯರಿಗೆ ಫೋನ್ ಮಾಡಿ.

ಮೃಗವೈದ್ಯರು:
ಅವರ ಮಾತಿಗೆ ಎರಡು ಸೇರಿಸುತ್ತೇನೆ. ಬೆಕ್ಕಿಗೆ ಜ್ವರವೆಂದು ಪ್ಯಾರಾಸಿಟಮಾಲ್ ಕೊಡಲೇಬಾರದು. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ, ಒಂದು ಮಾತ್ರೆ ಪ್ರಾಣ ತೆಗೆಯುತ್ತದೆ. ನಾಯಿಯ ಬೆನ್ನಿಗೆ ಬಿಡುವ ಉಣ್ಣಿ ಮದ್ದಿನಲ್ಲಿ ಪರ್ಮೆಥ್ರಿನ್ ಇದ್ದರೆ ಅದೂ ಬೆಕ್ಕಿಗೆ ವಿಷವೇ. ಹಚ್ಚಿದ ನಾಯಿಯ ಜೊತೆ ಬೆಕ್ಕು ಮಲಗುವುದಿದ್ದರೆ ಬೇರೆ ಮದ್ದು ಕೇಳಿ ತೆಗೆದುಕೊಳ್ಳಿ.

ಮುಳ್ಳೇರಿಯ ಕಡೆಯಿಂದ:
ನಮ್ಮಲ್ಲಿ ಚಿರತೆಯ ಹೆದರಿಕೆ ಉಂಟು. ರಾತ್ರಿ ನಾಯಿಯನ್ನು ಅಂಗಳದ ಕಂಬಕ್ಕೆ ಕಟ್ಟಬೇಡಿ, ಅದಕ್ಕೆ ಓಡಲಿಕ್ಕೂ ಆಗುವುದಿಲ್ಲ. ಬಾಗಿಲು ಭದ್ರ ಇರುವ ಗೂಡು, ಇಲ್ಲವೇ ಚಾವಡಿಯ ಒಳಗೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಉಪಕಾರ ಆಯ್ತು. ಇನ್ನೊಂದು ಕೇಳಲಿಕ್ಕುಂಟು. ನಿನ್ನೆ ಅಮ್ಮನ ಕೈಗೆ ಬೆಕ್ಕು ಪರಚಿದೆ, ರಕ್ತ ಬಂದಿಲ್ಲ. ನಮ್ಮದೇ ಬೆಕ್ಕಲ್ಲವಾ, ರೇಬೀಸ್ ಸೂಜಿ ಬೇಕಾ?

ಮೃಗವೈದ್ಯರು:
ಬೇಕು. ಲಸಿಕೆಯಾಗದೆ ಹೊರಗೆ ತಿರುಗುವ ಬೆಕ್ಕು, ನಮ್ಮದೆನ್ನುವ ಕಾರಣಕ್ಕೆ ಬಿಡುವಂತಿಲ್ಲ. ಪರಚಿದ ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ನಿನ್ನೆ ತೊಳೆಯದಿದ್ದರೆ ಈಗಲಾದರೂ ತೊಳೆಯಿರಿ. ಅರಸಿನ, ಸುಣ್ಣ ಹಚ್ಚಬೇಡಿ. ಇವತ್ತೇ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಚರ್ಮಕ್ಕೆ ಕೊಡುವ ಸೂಜಿಯಾದರೆ 0, 3, 7, 28ನೇ ದಿನ, ಯಾವುದನ್ನೂ ತಪ್ಪಿಸಬಾರದು. ರಕ್ತ ಬಂದಿದ್ದರೆ ಜೊತೆಗೆ ಗಾಯಕ್ಕೆ ರೇಬೀಸ್ ಸೀರಂ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಸಹ ಬೇಕಾಗುತ್ತದೆ. ಬೆಕ್ಕನ್ನು 10 ದಿನ ಕಣ್ಣೆದುರೇ ಇಟ್ಟು ನೋಡಿ, ಆದರೆ ಅದರ ಫಲಿತಾಂಶಕ್ಕೆ ಕಾದು ಅಮ್ಮನ ಮೊದಲ ಸೂಜಿ ತಡಮಾಡಬೇಡಿ.

ಮರಿಯ ಲಸಿಕೆ ಕಾರ್ಡು ಜೋಪಾನ ಮಾಡಿ. ಪಂಚಾಯತಿನಲ್ಲಿ ನಾಯಿಗೆ ಲೈಸೆನ್ಸ್ ಮಾಡಿಸುವಾಗ ರೇಬೀಸ್ ಸೂಜಿಯ ದಾಖಲೆ ಕೇಳುತ್ತಾರೆ.