ಕಾಲುವೆಗೆ ನೀರು ಬಿಟ್ಟರೆ ಸೆಲ್ಲರ್‌ನಲ್ಲಿ ಬೂಸರು, ನೀವೇನು ಮಾಡಿದ್ರಿ?

ಗಂಗಾವತಿ ಹೊಸಮನೆ: ಮನೆ ಕೆಳಗೆ ಸೆಲ್ಲರ್ ಇದೆ, ಅಕ್ಕಿ, ಜೋಳದ ಚೀಲ ಇಡುತ್ತೇವೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ಇಪ್ಪತ್ತು ದಿನ ಆಗುವಷ್ಟರಲ್ಲಿ ಗೋಡೆ ಬುಡ ಹಸಿ. ಕೆಳಗಿನ ಚೀಲಕ್ಕೆ ಬೂಸರು ಬಂದಿದೆ. ವಾಟರ್‌ಪ್ರೂಫ್ ಬಣ್ಣ ತಂದಿಟ್ಟಿದ್ದೇನೆ. ಹೊಡೆಸಲಾ? ಅನುಭವ ಇದ್ದವರು ಹೇಳಿ.

ಸಿಂಧನೂರಿನವ: ಬಣ್ಣ ಅಂದ ಕೂಡಲೇ ಹೊಟ್ಟೆ ಉರಿಯಿತು. ನಾನು ಒಳಗಿನಿಂದ ಎರಡು ಕೋಟು ಹೊಡೆಸಿದೆ. ಮಾಲು 21,400, ಕೂಲಿ 11,000, ಹಳೆ ಗಿಲಾವು ಕೆತ್ತಿದ್ದಕ್ಕೆ 4,500, ಕಸ ಹೊತ್ತ ಟ್ರ್ಯಾಕ್ಟರ್‌ಗೆ 1,200. ಒಟ್ಟು 38,100. ಒಂದು ವರ್ಷ ಗೋಡೆ ಕನ್ನಡಿ ಹಾಗಿತ್ತು. ಮರುವರ್ಷ ಆಗಸ್ಟ್‌ನಲ್ಲಿ ಪೂರಿ ಉಬ್ಬಿದ ಹಾಗೆ ಗುಳ್ಳೆ. ಒಂದನ್ನು ಬೆರಳಿಂದ ಒತ್ತಿದೆ, ಪಿಚಕ್ ಅಂತ ನೀರು ಹಾರಿತು. ನಾಲಿಗೆಗೆ ಇಟ್ಟರೆ ಉಪ್ಪು. ಒಣಗಿದ ಮೇಲೆ ಬಿಳಿ ಹಿಟ್ಟು. ನೀರು ಹೊರಗಿನಿಂದ ತಳ್ಳುವಾಗ ಒಳಗಿನ ಬಣ್ಣ ಏನು ತಡೆಯುತ್ತೆ? ಗ್ಯಾರಂಟಿ ಕೊಟ್ಟವನು ಈಗ ಫೋನೇ ಎತ್ತಲ್ಲ.

ಸಿರುಗುಪ್ಪದವ: ಅದಕ್ಕೇ ಹೊರಗೆ ಅಗೆಯಬೇಕು ಅನ್ನೋದು. ನಾನು ಮೂರು ಕಡೆ ಏಳು ಅಡಿ ಅಗೆಸಿದೆ. ಎರೆ ಮಣ್ಣು ತೆಗೆಸಿ, ಗೋಡೆಗೆ ಡಾಂಬರ್ ಶೀಟ್ ಅಂಟಿಸಿ, ಬುಡಕ್ಕೆ ತೂತಿನ ಪೈಪು, ಅದರ ಮೇಲೆ ಖಡಿ, ಆಮೇಲೆ ಗರಸು. ಎರೆ ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಬಿರಿಯುತ್ತೆ, ಆ ಬಿರುಕಿನಲ್ಲೇ ಮುಂದಿನ ಮಳೆ ಇಳಿಯೋದು. 1,62,000 ಆಯ್ತು. ಅಗೆಯುವಾಗ ಪಕ್ಕದವರ ಕಾಂಪೌಂಡ್ ವಾಲಿತು, ಅದಕ್ಕೆ ಬೇರೆ 18,000. ಅವರು ಇವತ್ತಿಗೂ ಮಾತಾಡಿಸಲ್ಲ. ಆದರೆ ಮೂರು ಮಳೆಗಾಲ ಆಯ್ತು, ಸೆಲ್ಲರ್‌ನಲ್ಲಿ ಹಪ್ಪಳ ಇಟ್ಟರೂ ಮೆತ್ತಗಾಗಲ್ಲ.

ಸಿಂಧನೂರಿನವ: ನಾಲ್ಕನೇ ಕಡೆ?

ಸಿರುಗುಪ್ಪದವ: ಅಲ್ಲಿ ಇನ್ನೊಬ್ಬರ ಮನೆ ಅಂಟಿಕೊಂಡಿದೆ. ಸ್ವಲ್ಪ ಪಸೆ ಇದೆ. ಸ್ವಲ್ಪ.

ರಾಯಚೂರು ಕೋಟೆ ಹತ್ತಿರದವಳು: ಎಲ್ಲರದೂ ಅಗೆಯೋ ಮಾತೇ ಆಯ್ತು. ನಮ್ಮಲ್ಲಿ ತಂಟೆ ನೀರಿನದಲ್ಲ, ಗಾಳಿಯದು. ಒಣಗಲಿ ಅಂತ ಮಳೆಗಾಲದಲ್ಲೂ ಕಿಟಕಿ ತೆರೆದಿಡುತ್ತಿದ್ದೆ. ಹಸಿ ಗಾಳಿ ತಣ್ಣನೆ ಗೋಡೆಗೆ ತಾಗಿ ಗೋಡೆ ಬೆವರುತ್ತಿತ್ತು. ಅತ್ತೆಯ ಇಳಕಲ್ ಸೀರೆಗಳ ಟ್ರಂಕು ತೆಗೆದರೆ ಸೆರಗಿನ ತುಂಬ ಕಪ್ಪು ಚುಕ್ಕಿ. ಅತ್ತೆ ಎರಡು ದಿನ ಉಣ್ಣಲಿಲ್ಲ. ಆಮೇಲೆ ಮೊಳದಷ್ಟು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ ಬಿಟ್ಟೆ. ಹನಿ ಹೊರಮೈ ಮೇಲೆ ಬಂತು. ಹಾಳೆಯ ಹಿಂದೆ ಬಂದಿದ್ದರೆ ಗೋಡೆಯೊಳಗಿನ ನೀರು. 600 ರೂಪಾಯಿ ಸುಣ್ಣ ಹೊಡೆಸಿ, ಮಳೆಯಲ್ಲಿ ಕಿಟಕಿ ಮುಚ್ಚಿ, ಟ್ರಂಕನ್ನು ಗೋಡೆಯಿಂದ ಗೇಣು ದೂರ ಇಟ್ಟೆ, ಮುಗೀತು. ನೀವು ಸುಮ್ನೆ ಲಕ್ಷ ಸುರಿಯುತ್ತೀರಿ.

ಸಿಂಧನೂರಿನವ: ಅಕ್ಕಾರೆ, ನಿಮ್ಮ ಮನೆ ಬಂಡೆ ಮೇಲೆ ಕೂತಿದೆ. ನಮ್ಮ ಸುತ್ತ ಭತ್ತದ ಗದ್ದೆ, ತಿಂಗಳುಗಟ್ಟಲೆ ನಿಂತ ನೀರು. ಇಲ್ಲಿ ನಿಮ್ಮ ಸುಣ್ಣ ವಿಭೂತಿ ಹಚ್ಚಿದ ಹಾಗೆ! ಎರಡನೇ ಬೆಳೆಗೆ ನೀರು ಬಿಡದ ವರ್ಷ ನನ್ನ ಸೆಲ್ಲರ್ ತಾನಾಗಿ ಒಣಗಿತ್ತು. ಮೊದಲು ಭತ್ತ ಹಚ್ಚೋರಿಗೆ ಹೇಳಿ.

ಕಾರಟಗಿ ರೈತ: ಮಧ್ಯಾಹ್ನ ಏನು ಉಣ್ಣುತ್ತೀರಿ ಸಾಹೇಬ್ರೆ, ವಾಟರ್‌ಪ್ರೂಫ್ ಬಣ್ಣವಾ?

ಮಾನ್ವಿಯವ: ನಾವು ಕಾಲುವೆಯ ಕೊನೆ ಭಾಗದವರು. ನಿಮ್ಮ ಸೆಲ್ಲರ್‌ಗೆ ಬಂದಷ್ಟು ನೀರೂ ನಮ್ಮ ಹೊಲಕ್ಕೆ ಬಂದಿಲ್ಲ ಅಣ್ಣಾ.

ಗಂಗಾವತಿ ಹೊಸಮನೆ: ಜಗಳ ಸಾಕು ಮಾಡ್ರಿ. ಅಕ್ಕ ಹೇಳಿದ ಹಾಗೆ ಹಾಳೆ ಅಂಟಿಸಿದ್ದೆ, ಹನಿ ಗೋಡೆ ಕಡೆಗೇ ಇದೆ. ಬಣ್ಣದ ಡಬ್ಬಿಯ ಮುಚ್ಚಳ ತೆಗೆದಿಲ್ಲ, ಅಂಗಡಿಯವರು ವಾಪಸ್ ತಗೊಳ್ತಾರಾ?

ಸಿಂಧನೂರಿನವ: ನನ್ನದೂ ಅರ್ಧ ಡಬ್ಬಿ ಉಳಿದಿದೆ. ಬೇಕಾ?