ಇಂಜಿನ್ನೇ ಇಲ್ದೆ 27 ವರ್ಷ ಓಡಿದ ನ್ಯಾರೋ ಗೇಜ್ ರೈಲು, ಹೇಗೆ?

ಹಳಿಹುಚ್ಚ: ಎಲ್ರಿಗೂ ನಮಸ್ಕಾರ. ವೇಲ್ಸ್‌ನ ಫೆಸ್ಟಿನಿಯೋಗ್ ರೈಲ್ವೆ ಬಗ್ಗೆ ಓದ್ತಿದ್ದೆ. ಲೈನ್ ಓಪನ್ ಆಗಿದ್ದು 1836ರಲ್ಲಿ, ಸ್ಟೀಮ್ ಇಂಜಿನ್ ಬಂದಿದ್ದು 1863ಕ್ಕೆ. ಬೇರೆ ಕಡೆ ಆಗ್ಲೇ ಇಂಜಿನ್ ಓಡ್ತಿದ್ವಲ್ಲ, ಇವ್ರು ಯಾಕೆ ಹಾಕ್ಲಿಲ್ಲ? ಗೇಜ್ (ಎರಡು ಹಳಿ ನಡುವಿನ ಅಂತರ) ಬೇರೆ ಎರಡಡಿಗೂ ಕಮ್ಮಿ, ದುಡ್ಡು ಉಳಿಸೋಕೆ ಅಷ್ಟೇನಾ?

ಗುಡ್ಡದ ದಾರಿ: ದುಡ್ಡೂ ಹೌದು, ಆದ್ರೆ ಮುಖ್ಯವಾಗಿ ಆ ಬೆಟ್ಟ ನೋಡ್ಬೇಕು. ಮೇಲೆ ಬ್ಲೈನೈ ಫೆಸ್ಟಿನಿಯೋಗ್‌ನಲ್ಲಿ ಸ್ಲೇಟ್ (ಚಾವಣಿಗೆ ಹಾಕೋ ತೆಳು ಕಲ್ಲು) ಕ್ವಾರಿ, ಕೆಳಗೆ ಪೋರ್ತ್‌ಮಾಡಗ್ ಬಂದರು, ಮಧ್ಯೆ ಸುಮಾರು 13 ಮೈಲಿ. ಮೊದ್ಲೆಲ್ಲ ಸ್ಲೇಟನ್ನ ಪ್ರಾಣಿಗಳ ಬೆನ್ನ ಮೇಲೆ ಹೊರಿಸಿ ನದಿಗೆ ಇಳಿಸಿ, ದೋಣಿಗೆ ಹಾಕಿ, ಮತ್ತೆ ಹಡಗಿಗೆ ಏರಿಸ್ತಿದ್ರು, ಪ್ರತಿ ಸಲ ಎತ್ತಿ ಇಳಿಸುವಾಗ್ಲೂ ಒಡೀತಿತ್ತು. ಲೋಡೆಲ್ಲ ಕೆಳಗೇ ಹೋಗ್ಬೇಕು, ಹಾಗಾಗಿ ಜೇಮ್ಸ್ ಸ್ಪೂನರ್ ಸರ್ವೆ ಮಾಡುವಾಗ್ಲೇ ಒಂದೇ ಸಮನಾದ ಇಳಿಜಾರು ಸಿಗೋ ಹಾಗೆ ಬೆಟ್ಟದ ಪಕ್ಕ ಸುತ್ತಿಸಿ ಸುತ್ತಿಸಿ ದಾರಿ ಹಿಡಿದ, ಅಂಥ ತಿರುವಿಗೆ ಸಣ್ಣ ಗೇಜೇ ಸರಿ. ತುಂಬಿದ ವ್ಯಾಗನ್‌ಗಳು ತಾವೇ ಜಾರ್ಕೊಂಡು ಬರೋವು, ಬ್ರೇಕ್ಸ್‌ಮನ್‌ಗಳು ವ್ಯಾಗನ್ ಮೇಲೇ ಕೂತು ಬ್ರೇಕ್ ಹಿಡಿಯೋರು. ಖಾಲಿ ವ್ಯಾಗನ್ ಮೇಲಕ್ಕೆ ಎಳೀತಿದ್ದಿದ್ದು ಕುದುರೆ. ಇಳಿಯೋಕೆ ಒಂದೂವರೆ ಗಂಟೆ, ಹತ್ತೋಕೆ ಹತ್ತಿರ ಹತ್ತಿರ ಆರು ಗಂಟೆ! ವಾಪಸ್ ಇಳಿಯುವಾಗ ಕುದುರೆಗೂ ಒಂದು ವ್ಯಾಗನ್ ಇರ್ತಿತ್ತು, ಅದ್ರಲ್ಲಿ ನಿಂತು ಹುಲ್ಲು ತಿನ್ಕೊಂಡು ಬರ್ತಿತ್ತು.

ಹಳಿಹುಚ್ಚ: ಸೂಪರ್ ಸರ್. ಅಂದ್ರೆ ಪೂರ್ತಿ ದಾರಿ ಇಳಿಜಾರೇ?

ಗುಡ್ಡದ ದಾರಿ: ಮೊದ್ಲು ಇರ್ಲಿಲ್ಲ, ಮಧ್ಯೆ ಮೋಯಲ್ವಿನ್ ಬೆಟ್ಟ ಅಡ್ಡ ಇತ್ತು. ನೀರಿನ ಚಕ್ರದಿಂದ ಹಗ್ಗ ಕಟ್ಟಿ ಲೋಡ್ ವ್ಯಾಗನ್ ಮೇಲೆತ್ತಿ ಆ ಕಡೆ ಇಳಿಸ್ತಿದ್ರು. 1842ರಲ್ಲಿ ಟನಲ್ ಆದ್ಮೇಲೆ ಆ ತಲೆನೋವು ತಪ್ತು.

ಸ್ಟೀಮ್ ಅಭಿಮಾನಿ: ಇಂಜಿನ್ ವಿಷ್ಯಕ್ಕೆ ಬರ್ತೀನಿ. ಅಷ್ಟು ಕಿರಿದಾದ ಹಳಿ ಮೇಲೆ ಕೆಲ್ಸಕ್ಕೆ ಬರೋ ಇಂಜಿನ್ ಕಟ್ಟೋದು ಆಗ ಸುಲಭ ಇರ್ಲಿಲ್ಲ, ಬಾಯ್ಲರು, ಸಿಲಿಂಡರು ಎಲ್ಲಾ ಎರಡಡಿ ಒಳಗೆ ಕೂರಿಸ್ಬೇಕಲ್ಲ. ಜೇಮ್ಸ್ ಮಗ ಚಾರ್ಲ್ಸ್ ಸ್ಪೂನರ್ ಪಟ್ಟು ಬಿಡದೆ ಜಾರ್ಜ್ ಇಂಗ್ಲೆಂಡ್ ಕಂಪನಿಯಿಂದ ಮಾಡಿಸ್ದ. 1865ರಲ್ಲಿ ಪ್ಯಾಸೆಂಜರ್ ಸರ್ವಿಸೂ ಶುರು. ಟ್ರಾಫಿಕ್ ಜಾಸ್ತಿಯಾದಾಗ 1869ರಲ್ಲಿ ಬಂದಿದ್ದು ಇಂಜಿನಿಯರ್ ಫೇರ್ಲಿ ಡಿಸೈನಿನ 'ಲಿಟಲ್ ವಂಡರ್', ಎರಡೂ ತುದಿಗೆ ಚಿಮಣಿ, ಮಧ್ಯದಲ್ಲಿ ಬೆಂಕಿ, ಕೆಳಗೆ ತಿರುಗೋ ಎರಡು ಬೋಗಿ (ಡಬ್ಬಿ ಅಲ್ಲ, ಚಕ್ರ ಕೂರಿಸಿದ ಚೌಕಟ್ಟು), ಅದಕ್ಕೇ ತಿರುವಲ್ಲಿ ಆರಾಮಾಗಿ ಬಗ್ಗೋದು. 1870ರ ಟ್ರಯಲ್ ನೋಡೋಕೆ ರಷ್ಯಾದಿಂದೆಲ್ಲ ಜನ ಬಂದಿದ್ರು. ನ್ಯಾರೋ ಗೇಜ್ ಅಂದ್ರೆ ಬರೀ ಕ್ವಾರಿ ಟ್ರಾಲಿ ಅಲ್ಲ ಅಂತ ಪ್ರಪಂಚ ನಂಬಿದ್ದು ಇವರಿಂದ್ಲೇ ಅಂತೀನಿ ನಾನು.

ದಭೋಯಿ ಲೈನ್: ನಮ್ಮ ದೇಶದ್ದೂ ಸೇರಿಸ್ತೀನಿ. ಬರೋಡಾ ಗಾಯಕ್ವಾಡರ ಸಂಸ್ಥಾನದಲ್ಲಿ 1862ರಲ್ಲೇ ದಭೋಯಿ-ಮಿಯಾಗಾಂ ಎರಡೂವರೆ ಅಡಿ ಲೈನ್ ಹಾಕಿದ್ರು, ಅಲ್ಲಿ ಎಳೀತಿದ್ದಿದ್ದು ಎತ್ತು! ಹಳಿ ತೀರಾ ಹಗುರ, ಇಂಜಿನ್ ಭಾರ ತಡೀತಿರ್ಲಿಲ್ಲ. ಗಟ್ಟಿ ಹಳಿ ಹಾಕಿದ್ಮೇಲೆ 1873ರಿಂದ ಇಂಜಿನ್ ರೆಗ್ಯುಲರ್ ಆಗಿ ಓಡ್ತು. ಡಾರ್ಜಿಲಿಂಗ್ ಲೈನ್ ಬರೋ ಹೊತ್ತಿಗೆ 1881.